ಮೂವರು ಎಂದ ಮೇಲೆ ಒಬ್ಬನೇ ಎನ್ನುವುದು ಹೇಗೆ? ಕ್ರೈಸ್ತ ನಂಬಿಕೆ ನಿಜಕ್ಕೂ ಏಕದೇವೋಪಾಸನೆಯೇ?

ಸರಳರೇಖೆ

ಕ್ರೈಸ್ತರು ತಮ್ಮನ್ನು ಏಕದೇವೋಪಾಸಕರೆಂದು ಕರೆದುಕೊಳ್ಳುತ್ತಾರೆ. ಯೆಹೂದ್ಯರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ, ಮುಸ್ಲಿಮರಂತೂ ಖಂಡಿತವಾಗಿ ಅಲ್ಲಗಳೆಯುತ್ತಾರೆ. ನಾನು ಈ ಮೂರರಲ್ಲಿ ಯಾವುದಕ್ಕೂ ಸೇರಿದವನಲ್ಲ. ಆದರೆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನಾಲ್ಕನೆಯ ಶತಮಾನದ ಬಿಷಪ ಅಥನೇಸಿಯಸನ ಹೆಸರಿನಲ್ಲಿ ಬಳಕೆಗೆ ಬಂದ, ಆದರೆ ಅವನು ಬರೆಯದ ಒಂದು ವಿಶ್ವಾಸಪ್ರಮಾಣ, ಅಂದರೆ ನಂಬಿಕೆಯ ಸಾರ ಹೇಳುವ ಪಠ್ಯ, ಪಶ್ಚಿಮದ ಕ್ರೈಸ್ತ ಸಭೆಗಳಲ್ಲಿದೆ. ಅದು ಹೇಳುವುದು ಸ್ಪಷ್ಟವಾಗಿದೆ: ತಂದೆ ದೇವರು, ಮಗನು ದೇವರು, ಪವಿತ್ರಾತ್ಮನು ದೇವರು, ಆದರೂ ಮೂವರು ದೇವರುಗಳಿಲ್ಲ, ಒಬ್ಬನೇ ದೇವರು. ಈ ಬೋಧನೆಗೆ ತ್ರಿತ್ವ ಎಂದು ಹೆಸರು. ಇದರ ಜೊತೆಗೆ ತಂದೆ ಮಗನಲ್ಲ, ಮಗನು ಪವಿತ್ರಾತ್ಮನಲ್ಲ, ಪವಿತ್ರಾತ್ಮನು ತಂದೆಯಲ್ಲ ಎಂಬುದನ್ನೂ ನಂಬಬೇಕು. ನನಗೆ ಇಷ್ಟೇ ತಿಳಿಯಬೇಕು. ಒಬ್ಬರಿಂದೊಬ್ಬರು ಬೇರೆಯಾದ ಮೂವರಿದ್ದು, ಮೂವರೂ ದೇವರಾಗಿದ್ದರೆ, ಒಟ್ಟು ಎಷ್ಟು? ಮೂರು ಎನ್ನದಿರಲು ಕಾರಣ ಬೇಕು. ಒಂದು ವಿನಂತಿ: ‘ಅದು ಮನುಷ್ಯನ ಬುದ್ಧಿಗೆ ಮೀರಿದ ರಹಸ್ಯ’ ಎಂಬ ಉತ್ತರವನ್ನು ಮೊದಲ ಸಾಲಿನಲ್ಲೇ ಕೊಡಬೇಡಿ. ಬುದ್ಧಿ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಹೋಗೋಣ.

ತಿಳಿನೀರು

ಇದನ್ನು ಇಷ್ಟು ಜಟಿಲ ಮಾಡಬೇಕಾಗಿಲ್ಲ. ನೀರು ಒಂದೇ. ಹೆಪ್ಪುಗಟ್ಟಿದರೆ ಮಂಜುಗಡ್ಡೆ, ಕಾಯಿಸಿದರೆ ಆವಿ. ದೇವರೂ ಹಾಗೆಯೇ: ಸೃಷ್ಟಿಸುವಾಗ ತಂದೆ, ರಕ್ಷಿಸುವಾಗ ಮಗ, ಹೃದಯದಲ್ಲಿ ನೆಲೆಸುವಾಗ ಪವಿತ್ರಾತ್ಮ. ದೇವನೊಬ್ಬ ನಾಮ ಹಲವು ಎಂದು ನಾವು ಹೇಳುವುದಿಲ್ಲವೇ? ಅದೇ ಮಾತು ಇದು.

ಹಳೆಯ ಪ್ರಮಾಣ

ತಿಳಿನೀರು ಅವರೇ, ನಿಮ್ಮ ಉದ್ದೇಶ ಒಳ್ಳೆಯದು, ಆದರೆ ನೀವು ಹೇಳಿದ್ದನ್ನು ಕ್ರೈಸ್ತ ಸಭೆ ಮೂರನೆಯ ಶತಮಾನದಲ್ಲೇ ತಳ್ಳಿಹಾಕಿತು. ಸಬೆಲಿಯಸ್ ಎಂಬುವನ ಹೆಸರಿನೊಂದಿಗೆ ಆ ಬೋಧನೆ ಇಂದಿಗೂ ಗುರುತಿಸಲ್ಪಡುತ್ತದೆ. ಒಬ್ಬನೇ ದೇವರು ಮೂರು ವೇಷಗಳಲ್ಲಿ ಬರುತ್ತಾನೆ ಎಂದರೆ ಏಕತ್ವಕ್ಕೆ ಧಕ್ಕೆಯಿಲ್ಲ, ನಿಜ. ಆದರೆ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳು ಉಳಿಯುವುದಿಲ್ಲ. ಬಂಧನಕ್ಕೆ ಮುಂಚೆ ಗೆತ್ಸೆಮನೆಯ ತೋಟದಲ್ಲಿ ಯೇಸು ಬೋರಲಾಗಿ ಬಿದ್ದು ‘ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ’ ಎಂದು ಪ್ರಾರ್ಥಿಸಿದ. ಯಾರನ್ನು ಕುರಿತು? ತಂದೆ ಮಗನ ವೇಷದಲ್ಲಿದ್ದು ತನ್ನೊಂದಿಗೆ ತಾನೇ ಮಾತನಾಡಿಕೊಂಡನೇ? ಹಾಗಾದರೆ ಆ ರಾತ್ರಿಯ ಬೆವರು ಬರೀ ನಟನೆಯಾಗುತ್ತದೆ. ಅದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಸರಳರೇಖೆ ಅವರೇ, ನಿಮ್ಮ ಪ್ರಶ್ನೆಗೆ ಎಣಿಕೆಯಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ ಎಂದು ನನಗನ್ನಿಸುತ್ತದೆ. ಈ ನಂಬಿಕೆ ಹುಟ್ಟಿದ್ದು ಯಾರಲ್ಲಿ ಎಂಬುದನ್ನು ಮೊದಲು ನೋಡಿ. ಮೊದಲ ಕ್ರೈಸ್ತರು ಯೆಹೂದ್ಯರು. ‘ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ’ ಎಂಬ ಧರ್ಮೋಪದೇಶಕಾಂಡದ ಮಾತನ್ನು ಬೆಳಿಗ್ಗೆ ಸಂಜೆ ಹೇಳಿಕೊಂಡು ಬೆಳೆದವರು. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಎತ್ತಿ ಹೇಳುವುದೂ ಅದನ್ನೇ.

ಈಗ ಆರಂಭಕಾಲದ ಕ್ರೈಸ್ತ ಬೋಧಕನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ ತೆಗೆಯಿರಿ, 8ನೆಯ ಅಧ್ಯಾಯ, 6ನೆಯ ವಚನ. ಯೇಸು ಸತ್ತು ಇನ್ನೂ 25 ವರ್ಷ ಆಗಿತ್ತೇನೋ, ಅಷ್ಟೇ. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬುದು ಅಲ್ಲಿಯ ಚರ್ಚೆ. ಅನ್ಯರಿಗೆ ಅನೇಕ ದೇವರುಗಳು, ಅನೇಕ ಕರ್ತರು ಇದ್ದಾರೆ. ನಮಗಾದರೋ ಒಬ್ಬನೇ ದೇವರು, ಆತನು ತಂದೆ, ಸಮಸ್ತವೂ ಆತನಿಂದ ಉಂಟಾಯಿತು. ಒಬ್ಬನೇ ಕರ್ತನು, ಆತನು ಯೇಸು ಕ್ರಿಸ್ತ, ಆತನ ಮೂಲಕ ಸಮಸ್ತವೂ ಉಂಟಾಯಿತು ಎನ್ನುತ್ತಾನೆ ಪೌಲ. ‘ಇಸ್ರಾಯೇಲೇ ಕೇಳು’ ಎಂಬ ಆ ಹಳೆಯ ಮಾತಿನಲ್ಲಿ ‘ದೇವರು’ ಮತ್ತು ‘ಕರ್ತನು’ ಎರಡೂ ಒಬ್ಬನಿಗೇ ಸಲ್ಲುತ್ತಿದ್ದವು. ಪೌಲ ಒಂದನ್ನು ತಂದೆಗೆ, ಇನ್ನೊಂದನ್ನು ಯೇಸುವಿಗೆ ಕೊಟ್ಟ. ಇನ್ನೊಂದು ಮಾತನ್ನು ಪಕ್ಕದಲ್ಲಿ ಸೇರಿಸಲಿಲ್ಲ, ಏಕತ್ವವನ್ನು ಸಾರುವ ಆ ಮಾತಿನ ಒಳಗೇ ಯೇಸುವನ್ನು ಇಟ್ಟ. ಅದೂ ಬಹುದೇವೋಪಾಸನೆಯನ್ನು ಖಂಡಿಸುವ ವಾದದ ನಡುವೆ! ಎರಡನೆಯ ದೇವರನ್ನು ತರುವ ಉದ್ದೇಶವಿದ್ದವನು ಆ ಜಾಗವನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಏಕವಾಕ್ಯ

ನಾನು ಕ್ರೈಸ್ತ, ಬೈಬಲನ್ನು ನಂಬುವವನು, ಮತ್ತು ತ್ರಿತ್ವವನ್ನು ಒಪ್ಪದವನು. ಹಾಗಾಗಿ ‘ಕ್ರೈಸ್ತ ನಂಬಿಕೆ’ ಎಂದರೆ ತ್ರಿತ್ವ ಎಂದು ಇಲ್ಲಿ ಎಲ್ಲರೂ ಹಿಡಿದಿರುವುದಕ್ಕೇ ನನ್ನ ಮೊದಲ ಆಕ್ಷೇಪ.

ಹಳೆಯ ಪ್ರಮಾಣ ಅವರು ತೋರಿಸಿದ ವಚನವನ್ನೇ ಮತ್ತೊಮ್ಮೆ ಓದಿ. ‘ನಮಗೆ ಒಬ್ಬನೇ ದೇವರು, ಆತನು ತಂದೆ.’ ಅಲ್ಲಿಗೆ ಮುಗಿಯಿತಲ್ಲ! ಯೋಹಾನನ 17ನೆಯ ಅಧ್ಯಾಯದಲ್ಲಿ ಯೇಸು ತಂದೆಯನ್ನು ‘ಒಬ್ಬನೇ ಸತ್ಯದೇವರು’ ಎಂದು ಕರೆದು, ತನ್ನನ್ನು ಆತನು ಕಳುಹಿಸಿದವನೆಂದು ಹೇಳುತ್ತಾನೆ. 14ರಲ್ಲಿ ‘ತಂದೆ ನನಗಿಂತ ದೊಡ್ಡವನು’ ಎನ್ನುತ್ತಾನೆ. ಮಾರ್ಕ 13ರಲ್ಲಿ ಕಡೆಯ ದಿನ ಯಾವಾಗ ಎಂಬುದು ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ. ಸತ್ತು ಎದ್ದು ಬಂದ ಮೇಲೂ ಮಗ್ದಲದ ಮರಿಯಳಿಗೆ ‘ನನ್ನ ದೇವರೂ ನಿಮ್ಮ ದೇವರೂ ಆಗಿರುವಾತನ ಬಳಿಗೆ ಹೋಗುತ್ತೇನೆ’ ಎನ್ನುತ್ತಾನೆ. ದೇವರಿಗೆ ಒಬ್ಬ ದೇವರಿರುತ್ತಾನೆಯೇ?

ತ್ರಿತ್ವವನ್ನು ನೇರವಾಗಿ ಹೇಳುವ ಒಂದೇ ವಚನವೆಂದು ಹಿಂದೆ ತೋರಿಸುತ್ತಿದ್ದದ್ದು ಯೋಹಾನನ ಮೊದಲನೆಯ ಪತ್ರಿಕೆಯ 5:7. ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ಈ ಮೂವರು ಒಂದೇ ಎಂಬ ಮಾತು. ಅದು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಎರಾಸ್ಮಸ್ ಎಂಬ ವಿದ್ವಾಂಸ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಅದನ್ನು ಬಿಟ್ಟಿದ್ದ, ವಿರೋಧ ಎದ್ದಿತು, 1522ರ ಮೂರನೆಯ ಮುದ್ರಣದಲ್ಲಿ ಸೇರಿಸಿದ. ಸೇರಿಸಿದ ಆ ಸಾಲು ಮುಂದೆ ಶತಮಾನಗಳ ಕಾಲ ದೇವರ ವಾಕ್ಯವಾಗಿ ಓದಲ್ಪಟ್ಟಿತು. ಈ ಬೋಧನೆಯನ್ನು ಪ್ರಶ್ನಿಸಿದ ಮೈಕೆಲ್ ಸರ್ವೀಟಸನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟರು. ಇದನ್ನು ಬರೆಯುವಾಗ ನನಗೆ ಈಗಲೂ ಕೋಪ ಬರುತ್ತದೆ.

ಸಂಚಾಲಕರು

ಚರ್ಚೆ ಚೆನ್ನಾಗಿ ಸಾಗುತ್ತಿದೆ. ವಚನಗಳ ಪಟ್ಟಿಯನ್ನು ಮಾತ್ರ ಹಾಕುವ ಕೆಲವು ಬರಹಗಳನ್ನು ತೆಗೆದಿದ್ದೇವೆ. ಒಂದು ವಚನ ಹೇಳಿದರೆ ಅದನ್ನು ನೀವು ಹೇಗೆ ಓದುತ್ತೀರಿ ಎಂಬುದನ್ನೂ ಬರೆಯಿರಿ.

ಹಳೆಯ ಪ್ರಮಾಣ

ಏಕವಾಕ್ಯ ಅವರೇ, ಯೋಹಾನನ ಪತ್ರಿಕೆಯ ಆ ಸಾಲಿನ ವಿಷಯದಲ್ಲಿ ನಿಮ್ಮೊಂದಿಗೆ ತಕರಾರಿಲ್ಲ. ಅದು ನಂತರ ಸೇರಿದ್ದು. ಮಗನು ದೇವರೆಂದು ಸಾರಿದ ನಿಸೇಯದ ಬಿಷಪರ ಸಭೆಗೆ ಅದರ ಅಗತ್ಯವೂ ಬೀಳಲಿಲ್ಲ. ಸರ್ವೀಟಸನನ್ನು ಸುಟ್ಟದ್ದು ಪಾಪ. ಅದಕ್ಕೆ ಸಮಜಾಯಿಷಿ ಇಲ್ಲ.

ಆದರೆ ಇಲ್ಲಿ ಒಂದು ವಿಷಯವನ್ನು ಹೆಚ್ಚಿನವರು ತಲೆಕೆಳಗಾಗಿ ತಿಳಿದಿದ್ದಾರೆ. ಏಕದೇವೋಪಾಸನೆಯನ್ನು ಸಡಿಲಿಸಲು 325ರಲ್ಲಿ ನಿಸೇಯದಲ್ಲಿ ಬಿಷಪರು ಸೇರಿದರು ಎಂದು ಭಾವಿಸುತ್ತಾರೆ. ನಡೆದದ್ದು ಅದಕ್ಕೆ ವಿರುದ್ಧ.

ಅದಕ್ಕೂ ಇನ್ನೂರು ವರ್ಷ ಹಿಂದೆ, ಸುಮಾರು 112ರಲ್ಲಿ, ಬಿಥೂನಿಯದ ರಾಜ್ಯಪಾಲ ಪ್ಲಿನಿ ಸಾಮ್ರಾಟ ಟ್ರಾಜನನಿಗೆ ಒಂದು ಪತ್ರ ಬರೆದ. ಕ್ರೈಸ್ತರನ್ನು ವಿಚಾರಣೆ ಮಾಡಿದಾಗ ತಿಳಿದದ್ದೇನು ಎಂದರೆ, ಅವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ. ಇದು ಹೊರಗಿನವನ, ಅದೂ ಅವರನ್ನು ಶಿಕ್ಷಿಸುತ್ತಿದ್ದವನ ಸಾಕ್ಷಿ. ಅಂದರೆ ಆರಾಧನೆ ಮೊದಲು ಬಂತು, ಸಿದ್ಧಾಂತ ಹಿಂದಿನಿಂದ ಬಂತು. ಕ್ರಿಸ್ತನಿಗೆ ಸಾಮಾನ್ಯ ಜನ ಪ್ರಾರ್ಥಿಸುತ್ತಿದ್ದರು. ಅದು ಸರಿಯೇ ತಪ್ಪೇ ಎಂದು ಯಾವತ್ತಾದರೂ ಯಾರಾದರೂ ಕೇಳಲೇಬೇಕಿತ್ತು.

ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಒಂದು ಉತ್ತರ ಕೊಟ್ಟ: ಮಗನು ಸೃಷ್ಟಿಯಾದವನು, ಎಲ್ಲ ಸೃಷ್ಟಿಗಿಂತ ಮೊದಲನೆಯವನು, ಶ್ರೇಷ್ಠನು, ಆದರೆ ‘ಆತನು ಇಲ್ಲದಿದ್ದ ಸಮಯವೊಂದಿತ್ತು.’ ಮೇಲ್ನೋಟಕ್ಕೆ ಇದು ಏಕತ್ವವನ್ನು ಕಾಪಾಡುತ್ತದೆ. ಆದರೆ ಅರಿಯಸನೂ ಅವನ ಜೊತೆಗಾರರೂ ಕ್ರಿಸ್ತನನ್ನು ಆರಾಧಿಸುವುದನ್ನು ಬಿಡಲಿಲ್ಲ. ಅಥನೇಸಿಯಸ್ ಕೈ ಇಟ್ಟದ್ದು ಅಲ್ಲಿಗೇ. ಸೃಷ್ಟಿಯಾದವನನ್ನು ಆರಾಧಿಸುವುದು ಅನ್ಯದೇವರುಗಳನ್ನು ಪೂಜಿಸುವವರ ರೀತಿಯಲ್ಲವೇ? ಸೃಷ್ಟಿಸಿದ ಒಬ್ಬ ದೇವರು, ಸೃಷ್ಟಿಯಾದ ಇನ್ನೊಬ್ಬ ದೇವರು ಎಂದು ಇಬ್ಬರನ್ನು ಇಟ್ಟುಕೊಂಡವರು ನೀವೇ ಎಂದ ಅವನು. ಈ ನಿಲುವಿಗಾಗಿ ಐದು ಸಲ ಗಡೀಪಾರಾದ.

ದಾರಿಗಳು ಎರಡೇ. ಕ್ರಿಸ್ತನು ಸೃಷ್ಟಿ, ಹಾಗಾಗಿ ಆತನಿಗೆ ಆರಾಧನೆ ಸಲ್ಲದು. ಇಲ್ಲವೇ ಆತನು ಆ ಒಬ್ಬ ದೇವರ ಸತ್ತ್ವಕ್ಕೇ ಸೇರಿದವನು, ಹಾಗಾಗಿ ಸಲ್ಲುತ್ತದೆ. ‘ಅರ್ಧ ದೇವರು’ ಎಂಬ ಮೂರನೆಯ ದಾರಿಯೇ ಬಹುದೇವೋಪಾಸನೆಗೆ ಹೋಗುವ ದಾರಿ. ಮಗನು ತಂದೆಯೊಂದಿಗೆ ಒಂದೇ ಸತ್ತ್ವದವನು ಎಂಬ ಸೂತ್ರದಿಂದ ನಿಸೇಯ ಮುಚ್ಚಿದ್ದು ಆ ದಾರಿಯನ್ನು. ಪ್ರಕಟನೆಯ ಗ್ರಂಥದ ಕಡೆಯ ಅಧ್ಯಾಯದಲ್ಲಿ ಯೋಹಾನನು ದೇವದೂತನ ಕಾಲಿಗೆ ಬೀಳುತ್ತಾನೆ. ದೂತ ‘ಹಾಗೆ ಮಾಡಬೇಡ, ನಾನೂ ನಿನ್ನಂತೆ ದಾಸನು, ದೇವರನ್ನು ಆರಾಧಿಸು’ ಎನ್ನುತ್ತಾನೆ. ಅದೇ ಗ್ರಂಥದ 5ನೆಯ ಅಧ್ಯಾಯದಲ್ಲಿ ಸಮಸ್ತ ಸೃಷ್ಟಿಯೂ ಸಿಂಹಾಸನದ ಮೇಲಿರುವಾತನಿಗೂ ಕುರಿಮರಿಗೂ, ಅಂದರೆ ಕ್ರಿಸ್ತನಿಗೂ, ಒಂದೇ ಸ್ತೋತ್ರ ಹಾಡುತ್ತದೆ. ಅಲ್ಲಿ ಯಾರೂ ತಡೆಯುವುದಿಲ್ಲ. ಗಡಿ ಎಲ್ಲಿದೆ, ಕುರಿಮರಿ ಗಡಿಯ ಯಾವ ಬದಿಗಿದೆ ಎಂಬುದನ್ನು ಬರೆದವನು ಬಲ್ಲವನಾಗಿದ್ದ.

ಏಕವಾಕ್ಯ

ಹಾಗಾದರೆ ನಾನು ಮೊದಲನೆಯ ದಾರಿಯಲ್ಲಿ ನಡೆಯುತ್ತೇನೆ. ಕ್ರಿಸ್ತನನ್ನು ಹಿಂಬಾಲಿಸುತ್ತೇನೆ, ಆತನ ಮೂಲಕ ಪ್ರಾರ್ಥಿಸುತ್ತೇನೆ, ಆತನಿಗೆ ಪ್ರಾರ್ಥಿಸುವುದಿಲ್ಲ. ರಾಜಾ ರಾಮಮೋಹನ ರಾಯರು ಸೆರಾಂಪುರದ ಮಿಷನರಿಗಳೊಂದಿಗೆ ನಡೆಸಿದ ವಾದ ನೆನಪಿರಲಿ. 1820ರಲ್ಲಿ ಅವರು ಯೇಸುವಿನ ನೀತಿಬೋಧನೆಗಳನ್ನು ಆರಿಸಿ ಪ್ರಕಟಿಸಿದರು, ಮಿಷನರಿಗಳು ಸಿಟ್ಟಾದರು. ವಾದ ಎಷ್ಟು ಗಂಭೀರವಾಗಿತ್ತೆಂದರೆ, ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಮಿಷನರಿ ಮರುವರ್ಷವೇ ತ್ರಿತ್ವವನ್ನು ಬಿಟ್ಟು ರಾಯರ ಪಕ್ಷಕ್ಕೆ ಬಂದ. ಮತಾಂತರಿಸಲು ಹೋದವನೇ ಮನಸ್ಸು ಬದಲಾಯಿಸಿದ್ದು ಬರೀ ವಾಗ್ವೈಖರಿಗಲ್ಲ.

ಹಿರಾ

ಮುಸ್ಲಿಮನಾಗಿ ಕೆಲವು ಮಾತು.

ನಮ್ಮ ಕಡೆಯ ಆಕ್ಷೇಪವನ್ನು ಸರಿಯಾಗಿ ಇಡಬೇಕು. ಕುರ್‌ಆನ್ 4:171 ‘ಮೂರು ಎನ್ನಬೇಡಿ’ ಎನ್ನುತ್ತದೆ. 5:73 ‘ಅಲ್ಲಾಹನು ಮೂವರಲ್ಲಿ ಮೂರನೆಯವನು’ ಎನ್ನುವವರನ್ನು ಖಂಡಿಸುತ್ತದೆ. 112ನೆಯ ಅಧ್ಯಾಯವಂತೂ ನಾಲ್ಕೇ ವಚನಗಳಲ್ಲಿ ಎಲ್ಲವನ್ನೂ ಹೇಳಿಬಿಡುತ್ತದೆ: ಆತನು ಏಕನು, ಆತನು ಹೆತ್ತವನಲ್ಲ, ಹುಟ್ಟಿದವನೂ ಅಲ್ಲ, ಆತನಿಗೆ ಸಮಾನರಿಲ್ಲ. ನಮ್ಮ ದೃಷ್ಟಿಯಲ್ಲಿ ಅಲ್ಲಾಹನೊಂದಿಗೆ ಪಾಲುದಾರರನ್ನು ಸೇರಿಸುವ ಶಿರ್ಕ್ ಎಲ್ಲಕ್ಕಿಂತ ದೊಡ್ಡ ಪಾಪ. ಹಾಗಾಗಿ ಇದು ನಮಗೆ ಲೆಕ್ಕದ ಕಸರತ್ತಲ್ಲ.

ಆದರೆ ನ್ಯಾಯವಾಗಿ ಮಾತನಾಡಬೇಕಾದರೆ, ನಮ್ಮೊಳಗೂ ಇದರ ಸೋದರ ಜಗಳವೊಂದು ನಡೆದಿದೆ ಎಂಬುದನ್ನು ಮುಚ್ಚಿಡಬಾರದು. ಅಲ್ಲಾಹನ ಜ್ಞಾನ, ಶಕ್ತಿ, ಮಾತು ಇವು ಆತನಂತೆಯೇ ಅನಾದಿಯೇ? ಹೌದೆಂದರೆ ಅನಾದಿಯಾದವು ಹಲವಾಗುತ್ತವೆ, ಏಕತ್ವ ಎಲ್ಲಿ ಉಳಿಯಿತು ಎಂದು ಮುಅ್ತಝಿಲಾ ಪಂಥದವರು ಕೇಳಿದರು. ಖಲೀಫ ಮಾಮೂನ್ 833ರಲ್ಲಿ ವಿದ್ವಾಂಸರನ್ನು ವಿಚಾರಣೆಗೆ ಎಳೆದ. ಕುರ್‌ಆನ್ ಅಲ್ಲಾಹನ ಮಾತಾದ್ದರಿಂದ ಸೃಷ್ಟಿಯಾದದ್ದಲ್ಲ ಎನ್ನುವವರು ಮರಿಯಮಳ ಮಗನ ವಿಷಯದಲ್ಲಿ ಕ್ರೈಸ್ತರು ಆಡುವ ಮಾತನ್ನೇ ಆಡುತ್ತಿದ್ದಾರೆ ಎಂಬುದು ಅವನ ದೂರು. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಸೆರೆ ಸೇರಿದರು, ಏಟು ತಿಂದರು, ಮಣಿಯಲಿಲ್ಲ. ಕೊನೆಗೆ ನಿಂತದ್ದು ಅವರ ಪಕ್ಷವೇ. ಗುಣಗಳು ಆತನೇ ಅಲ್ಲ, ಆತನನ್ನು ಬಿಟ್ಟು ಬೇರೆಯೂ ಅಲ್ಲ ಎಂಬುದು ಅಶ್ಅರಿ ಪಂಥದ ಸೂತ್ರ. ಇದನ್ನು ಕೇಳಿದ ಕ್ರೈಸ್ತನೊಬ್ಬ ‘ನಾವೂ ಇಂಥದ್ದನ್ನೇ ಹೇಳುತ್ತಿರುವುದು’ ಎಂದರೆ ನನಗೆ ಅಚ್ಚರಿಯಾಗುವುದಿಲ್ಲ. ಎಂಟನೆಯ ಶತಮಾನದಲ್ಲಿ ದಮಾಸ್ಕಸಿನ ಯೋಹಾನ ಎಂಬ ಕ್ರೈಸ್ತ ಗುರು ಇದೇ ವಾದ ಹೂಡಿದ್ದ: ನೀವು ನಮ್ಮನ್ನು ಪಾಲುದಾರರನ್ನು ಸೇರಿಸುವವರು ಎನ್ನುತ್ತೀರಿ, ದೇವರಿಂದ ಆತನ ವಾಕ್ಯವನ್ನೂ ಆತ್ಮವನ್ನೂ ಕತ್ತರಿಸುವ ನಿಮ್ಮನ್ನು ನಾವು ಅಂಗಚ್ಛೇದಕರು ಎನ್ನುತ್ತೇವೆ, ಎಂದು.

ಆದರೆ ವ್ಯತ್ಯಾಸ ಇರುವುದು ಇಲ್ಲಿ, ಮತ್ತು ನನ್ನ ಮಟ್ಟಿಗೆ ಇದೇ ನಿರ್ಣಾಯಕ. ‘ಓ ಅಲ್ಲಾಹನ ಜ್ಞಾನವೇ, ನನ್ನನ್ನು ಕ್ಷಮಿಸು’ ಎಂದು ಯಾವ ಮುಸ್ಲಿಮನೂ ಬೇಡುವುದಿಲ್ಲ. ಅಲ್ಲಾಹನ ಶಕ್ತಿ ಅಲ್ಲಾಹನ ಜ್ಞಾನವನ್ನು ಪ್ರೀತಿಸುತ್ತದೆ ಎಂದು ಹೇಳುವುದಿಲ್ಲ. ಗುಣ ಮಾತನಾಡುವುದಿಲ್ಲ, ಪ್ರಾರ್ಥಿಸುವುದಿಲ್ಲ, ಕಳುಹಿಸಲ್ಪಡುವುದಿಲ್ಲ. ನೀವು ಹೇಳುವ ಮಗನು ಇದೆಲ್ಲವನ್ನೂ ಮಾಡುತ್ತಾನೆ. ಗೆತ್ಸೆಮನೆಯ ಆ ದೃಶ್ಯದಿಂದ ತಿಳಿನೀರು ಅವರ ವಾದವನ್ನು ಉರುಳಿಸಿದಿರಿ. ಅದೇ ದೃಶ್ಯ ನಿಮ್ಮ ಕಡೆಗೂ ತಿರುಗುತ್ತದೆಯಲ್ಲವೇ? ಬೇಡುವವನೊಬ್ಬ, ಬೇಡಿಸಿಕೊಳ್ಳುವವನೊಬ್ಬ. ಇಬ್ಬರಾದರು.

ಸರಳರೇಖೆ

ಹಿರಾ ಅವರ ಕಡೆಯ ಪ್ಯಾರಾ ನನ್ನ ಪ್ರಶ್ನೆಗಿಂತ ಹರಿತವಾಗಿದೆ. ಇದಕ್ಕೆ ಉತ್ತರ ಬೇಕು. ಒಂದು ಸಣ್ಣ ಸಂದೇಹ: 5:116ರಲ್ಲಿ ‘ನನ್ನನ್ನೂ ನನ್ನ ತಾಯಿಯನ್ನೂ ದೇವರುಗಳನ್ನಾಗಿ ಮಾಡಿಕೊಳ್ಳಿ ಎಂದು ನೀನು ಜನರಿಗೆ ಹೇಳಿದೆಯಾ’ ಎಂದು ಅಲ್ಲಾಹನು ಈಸಾರನ್ನು, ಅಂದರೆ ಯೇಸುವನ್ನು, ಕೇಳುತ್ತಾನೆ. ಮರಿಯಳನ್ನು ಯಾವ ಕ್ರೈಸ್ತರು ದೇವರೆಂದರು?

ಮೂಡಣ

ತಾಯಿಯ ವಿಷಯಕ್ಕೆ ಚುಟುಕಾಗಿ. ನಾಲ್ಕನೆಯ ಶತಮಾನದ ಬಿಷಪ ಎಪಿಫಾನಿಯಸ್, ಮರಿಯಳ ಹೆಸರಿನಲ್ಲಿ ರೊಟ್ಟಿ ಅರ್ಪಿಸುತ್ತಿದ್ದ ಕೆಲವು ಹೆಂಗಸರ ಬಗ್ಗೆ ಬರೆದು ಅದನ್ನು ಬಲವಾಗಿ ಖಂಡಿಸಿದ್ದಾನೆ: ಮರಿಯಳಿಗೆ ಗೌರವ ಸಲ್ಲಲಿ, ಆರಾಧನೆ ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಸಲ್ಲಲಿ ಎಂದು. 787ರ ಎರಡನೆಯ ನಿಸೇಯ ಸಭೆಯೂ ಚಿತ್ರಗಳಿಗೆ ತೋರುವ ವಂದನೆ ಬೇರೆ, ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ ಎಂದು ಗೆರೆ ಎಳೆಯಿತು. ಭಕ್ತರು ಆ ಗೆರೆಯನ್ನು ಎಲ್ಲ ಕಾಲದಲ್ಲೂ ದಾಟದೆ ಉಳಿದರೇ ಎಂದರೆ, ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಗೆರೆ ಇದೆ.

ಈಗ ಮುಖ್ಯ ವಿಷಯ. ಇದುವರೆಗಿನ ಚರ್ಚೆಯಲ್ಲಿ ‘ಒಬ್ಬನೇ ದೇವರು’ ಎಂದರೆ ಮೂವರ ಹಿಂದೆ ಇರುವ ಯಾವುದೋ ಒಂದು ಸತ್ತ್ವ ಎಂದು ಎಲ್ಲರೂ ಹಿಡಿದಂತಿದೆ. ಪೂರ್ವದ ಸಭೆಗಳು, ಅಂದರೆ ನಮ್ಮ ಆರ್ಥಡಾಕ್ಸ್ ಪರಂಪರೆ, ಹಾಗೆ ಶುರುಮಾಡುವುದಿಲ್ಲ. ನಿಸೇಯದ ವಿಶ್ವಾಸಪ್ರಮಾಣದ ಮೊದಲ ಸಾಲನ್ನು ನೋಡಿ: ‘ಸರ್ವಶಕ್ತನಾದ ತಂದೆಯಾಗಿರುವ ಒಬ್ಬನೇ ದೇವರನ್ನು ನಂಬುತ್ತೇವೆ.’ ಒಬ್ಬನೇ ದೇವರು ಎಂದರೆ ತಂದೆ. ಏಕವಾಕ್ಯ ಅವರು ಯೋಹಾನ 17ನ್ನು ನಮ್ಮ ವಿರುದ್ಧ ಎತ್ತಿದರು. ಆ ವಚನ ನಮ್ಮ ಪ್ರಮಾಣದ ಮೊದಲ ಸಾಲೇ ಆಗಿದೆ. ಮಗನು ತಂದೆಯಿಂದ ಅನಾದಿಯಾಗಿ ಹುಟ್ಟಿದವನು, ಪವಿತ್ರಾತ್ಮನು ತಂದೆಯಿಂದ ಹೊರಡುವಾತನು. ಒಂದೇ ಮೂಲ. ಮೂರು ಮೂಲಗಳಿದ್ದರೆ ಮೂವರು ದೇವರು. ಮೂಲ ಒಂದೇ ಆಗಿ, ಆ ಮೂಲದ್ದೆಲ್ಲವೂ ಮಗನಲ್ಲಿ ಕೊರತೆಯಿಲ್ಲದೆ ಇದ್ದರೆ ಆತನನ್ನು ಇನ್ನೊಬ್ಬ ದೇವರು ಎನ್ನಲಾಗದು. ‘ತಂದೆ ನನಗಿಂತ ದೊಡ್ಡವನು’ ಎಂಬುದನ್ನು ಹಳೆಯ ಗುರುಗಳಲ್ಲಿ ಹಲವರು ಈ ಅರ್ಥದಲ್ಲೇ ಓದಿದರು: ಸ್ವಭಾವದಲ್ಲಿ ಅಲ್ಲ, ಮೂಲನಾಗಿರುವುದರಲ್ಲಿ ದೊಡ್ಡವನು. ಪವಿತ್ರಾತ್ಮನು ‘ಮಗನಿಂದಲೂ’ ಹೊರಡುತ್ತಾನೆ ಎಂದು ಪಶ್ಚಿಮದವರು ಸೇರಿಸಿದಾಗ ನಾವು ಅಷ್ಟು ಕಟುವಾಗಿ ವಿರೋಧಿಸಿದ್ದು ಏಕೆ ಎಂಬುದು ಇದರಿಂದ ತಿಳಿದೀತು. ಆ ಒಂದು ಪದದಲ್ಲಿ ಏಕತ್ವದ ಬೇರೇ ಅಲುಗಾಡುತ್ತಿದೆ ಎಂದು ನಮ್ಮವರಿಗೆ ಕಂಡಿತು.

ತರ್ಕಸರಣಿ

ಸರಳರೇಖೆ ಅವರ ಮೊದಲ ಪ್ರಶ್ನೆಯನ್ನು ಹಾಗೆಯೇ ಬಿಡಬಾರದು. ಅದು ತರ್ಕಶಾಸ್ತ್ರದಲ್ಲಿ ಗಟ್ಟಿಯಾದ ಪ್ರಶ್ನೆ.

‘ತಂದೆ ದೇವರು’ ಎಂಬ ವಾಕ್ಯವನ್ನು ಎರಡು ರೀತಿ ತೆಗೆದುಕೊಳ್ಳಬಹುದು. ‘ತಂದೆಯೆಂದರೆ ದೇವರೇ, ಬೇರೆ ಯಾರೂ ಅಲ್ಲ’ ಎಂಬ ಅನನ್ಯತೆಯ ಅರ್ಥ ಒಂದು. ಆಗ ತಂದೆಯೂ ದೇವರೂ ಒಂದೇ, ಮಗನೂ ದೇವರೂ ಒಂದೇ, ಹಾಗಾಗಿ ತಂದೆಯೂ ಮಗನೂ ಒಂದೇ ಎಂದಾಗಿ ಸಬೆಲಿಯಸನ ಬಾಗಿಲಿಗೆ ಬಂದು ನಿಲ್ಲುತ್ತೇವೆ. ‘ತಂದೆ ದೈವಸ್ವಭಾವ ಉಳ್ಳವನು’ ಎಂಬುದು ಇನ್ನೊಂದು ಅರ್ಥ. ಆಗ ಆ ಸ್ವಭಾವವುಳ್ಳವರು ಮೂವರಾಗುತ್ತಾರೆ, ಮತ್ತು ಮಾನವಸ್ವಭಾವವುಳ್ಳ ಮೂವರು ಮೂವರು ಮನುಷ್ಯರಾದಂತೆ ಇವರೂ ಮೂವರು ದೇವರಾಗಬೇಕು.

ನಾಲ್ಕನೆಯ ಶತಮಾನದಲ್ಲಿ ಅಬ್ಲಾಬಿಯಸ್ ಎಂಬುವನು ನಿಸ್ಸದ ಬಿಷಪ ಗ್ರೆಗರಿಯನ್ನು ಕೇಳಿದ್ದು ಥೇಟ್ ಇದನ್ನೇ: ಪೇತ್ರ, ಯಾಕೋಬ, ಯೋಹಾನ ಒಂದೇ ಸ್ವಭಾವದವರು, ಆದರೂ ಮೂವರು ಮನುಷ್ಯರು ಎನ್ನುತ್ತೇವೆ, ಹಾಗಾದರೆ ಮೂವರು ದೇವರು ಎನ್ನಬಾರದೇಕೆ? ಗ್ರೆಗರಿಯ ಉತ್ತರದಲ್ಲಿ ಎರಡು ಎಳೆಗಳಿವೆ. ಮೊದಲನೆಯದು ದುರ್ಬಲ: ನಿಜವಾಗಿ ನೋಡಿದರೆ ‘ಮೂವರು ಮನುಷ್ಯರು’ ಎನ್ನುವುದೂ ಭಾಷೆಯ ಸಡಿಲ ಬಳಕೆ, ಸ್ವಭಾವ ಒಂದೇ ಎನ್ನುತ್ತಾನೆ. ಇದನ್ನು ಒಪ್ಪುವವರು ಇಂದು ಕಡಿಮೆ. ಎರಡನೆಯದು ಗಟ್ಟಿ: ಮೂವರು ಮನುಷ್ಯರು ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಮಾಡುತ್ತಾರೆ, ಅದಕ್ಕೇ ಎಣಿಸುತ್ತೇವೆ. ತಂದೆ, ಮಗ, ಪವಿತ್ರಾತ್ಮರಲ್ಲಿ ಮೂರು ಕೆಲಸಗಳಿಲ್ಲ. ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣವಾಗುವ ಒಂದೇ ಕ್ರಿಯೆ.

20ನೆಯ ಶತಮಾನದಲ್ಲಿ ಪೀಟರ್ ಗೀಚ್ ಎಂಬ ತತ್ತ್ವಜ್ಞಾನಿ ಇನ್ನೊಂದು ಹಾದಿ ತೋರಿಸಿದ. ‘ಒಂದೇ’ ಎಂಬುದಕ್ಕೆ ಒಂಟಿಯಾಗಿ ಅರ್ಥವಿಲ್ಲ, ‘ಒಂದೇ ಏನು?’ ಎಂದು ಕೇಳಬೇಕು. ಹಾಗಾಗಿ ‘ಒಂದೇ ದೇವರು, ಆದರೆ ಒಂದೇ ವ್ಯಕ್ತಿ ಅಲ್ಲ’ ಎಂಬುದರಲ್ಲಿ ಸ್ವವಿರೋಧವಿಲ್ಲ ಎಂಬ ವಾದಕ್ಕೆ ಎಡೆಯಾಯಿತು. ಇದಕ್ಕೆ ತೆರಬೇಕಾದ ಬೆಲೆ ಇದೆ: ಸಾಮಾನ್ಯ ಅನನ್ಯತೆಯ ನಿಯಮವನ್ನೇ ಬಿಡಬೇಕು.

ನನ್ನ ತೀರ್ಪು ಹೇಳುತ್ತೇನೆ. ಈ ಬೋಧನೆಯನ್ನು ಸ್ವವಿರೋಧಿ ಎಂದು ಯಾರೂ ಸಾಧಿಸಿಲ್ಲ, ಏಕೆಂದರೆ ‘ವ್ಯಕ್ತಿ’ ಎಂಬುದಕ್ಕೆ ಇಲ್ಲಿ ನಿಖರವಾದ ಅರ್ಥ ಕಟ್ಟಿಕೊಟ್ಟಿಲ್ಲ. ಪಶ್ಚಿಮದ ಸಭೆಯ ದೊಡ್ಡ ಗುರು ಅಗಸ್ಟೀನನೇ ಇದನ್ನು ಬಿಚ್ಚಿ ಹೇಳಿದ: ಮೂವರು ಏನು ಎಂದು ಕೇಳಿದರೆ ‘ವ್ಯಕ್ತಿಗಳು’ ಎನ್ನುತ್ತೇವೆ, ಅದನ್ನೇ ಹೇಳಬೇಕೆಂದಲ್ಲ, ಸುಮ್ಮನಿರಬಾರದೆಂದು. ಇದು ಪ್ರಾಮಾಣಿಕ ಮಾತು. ಆದರೆ ಸ್ವವಿರೋಧದಿಂದ ಪಾರಾಗುವ ಬೆಲೆ ಅಸ್ಪಷ್ಟತೆಯಾದರೆ, ಪ್ರಶ್ನೆ ಕೇಳಿದವನಿಗೆ ಉತ್ತರ ಸಿಕ್ಕಿದಂತಾಗುವುದಿಲ್ಲ.

ಸರಳರೇಖೆ

ಗ್ರೆಗರಿಯ ಎರಡನೆಯ ಎಳೆಯ ಬಗ್ಗೆ: ಇಬ್ಬರು ಸೇರಿ ಒಂದೇ ಕಲ್ಲನ್ನು ಎತ್ತಿದರೆ ಕೆಲಸ ಒಂದೇ ಆಗುತ್ತದೆ, ಎತ್ತಿದವರು ಇಬ್ಬರೇ ಉಳಿಯುತ್ತಾರೆ. ಕ್ರಿಯೆಯ ಏಕತೆಯಿಂದ ಕರ್ತೃವಿನ ಏಕತೆ ಬರುವುದಿಲ್ಲ.

ಮೂಡಣ

ಕಲ್ಲೆತ್ತುವ ಇಬ್ಬರಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಬಲವಿದೆ. ಎರಡು ಬಲಗಳು ಕೂಡುತ್ತವೆ. ಒಬ್ಬ ಕೈಬಿಟ್ಟರೂ ಇನ್ನೊಬ್ಬನ ಬಲ ಅವನಲ್ಲೇ ಇರುತ್ತದೆ. ಗ್ರೆಗರಿ ಹೇಳುವುದು ಕೂಡುವ ಬಲಗಳ ಬಗ್ಗೆ ಅಲ್ಲ. ಬಲ ಒಂದೇ, ಅದು ತಂದೆಯದು, ಮಗನಲ್ಲಿ ಇರುವುದೂ ಅದೇ. ಅದಕ್ಕೇ ಮೂಲದ ಮಾತಿಲ್ಲದೆ ಕ್ರಿಯೆಯ ಮಾತು ನಿಲ್ಲುವುದಿಲ್ಲ ಎಂದು ನಾನು ಒತ್ತಿ ಹೇಳಿದ್ದು.

ಮಿಶ್ನಾ ಓದುಗ

ಯೆಹೂದ್ಯ ಗ್ರಂಥಗಳನ್ನು ಓದುವವನಾಗಿ ಹೇಳುತ್ತೇನೆ, ಅಲ್ಲಿ ಉತ್ತರ ಒಂದೇ ಅಲ್ಲ. 12ನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸ್ ಕ್ರೈಸ್ತರನ್ನು ವಿಗ್ರಹಾರಾಧಕರ ಸಾಲಿಗೇ ಸೇರಿಸಿದ, ಮುಸ್ಲಿಮರನ್ನು ಸೇರಿಸಲಿಲ್ಲ. ಯೆಹೂದ್ಯ ಧರ್ಮಗ್ರಂಥ ತಾಲ್ಮುದಿಗೆ ಟಿಪ್ಪಣಿ ಬರೆದ ಫ್ರಾನ್ಸಿನ ತೋಸಫೋತ್ ಪಂಡಿತರ ಮಾತನ್ನು ಆಧಾರವಾಗಿಟ್ಟುಕೊಂಡು ನಂತರದ ಹಲವರು ಬೇರೆ ದಾರಿ ಹಿಡಿದರು: ದೇವರೊಂದಿಗೆ ಇನ್ನೊಂದನ್ನು ಜೊತೆಗೂಡಿಸಿ ಹೇಳುವುದು ಯೆಹೂದ್ಯರಿಗೆ ನಿಷಿದ್ಧ, ಅನ್ಯರಿಗೆ ನಿಷಿದ್ಧವಲ್ಲ. ಪ್ರೊವೆನ್ಸಿನ ಮೇನಹೆಮ್ ಮೇಯಿರಿ ಇನ್ನೂ ಮುಂದೆ ಹೋಗಿ, ಧರ್ಮದ ಕಟ್ಟುಪಾಡುಗಳಿಗೆ ಒಳಪಟ್ಟ ಜನಾಂಗಗಳನ್ನು ಹಳೆಯ ವಿಗ್ರಹಾರಾಧಕರಂತೆ ಕಾಣಬಾರದು ಎಂದ.

ಇನ್ನೊಂದು. ಯೇಸುವಿನ ಸಮಕಾಲೀನನಾದ ಅಲೆಕ್ಸಾಂಡ್ರಿಯದ ಫಿಲೋ ಎಂಬ ಯೆಹೂದ್ಯ ತತ್ತ್ವಜ್ಞಾನಿ ದೇವರ ವಾಕ್ಯವನ್ನು ಒಂದು ಕಡೆ ‘ಎರಡನೆಯ ದೇವರು’ ಎಂದೇ ಕರೆದಿದ್ದಾನೆ. ನಂತರದ ರಬ್ಬಿಗಳು ‘ಪರಲೋಕದಲ್ಲಿ ಎರಡು ಅಧಿಕಾರಗಳಿವೆ’ ಎನ್ನುವವರನ್ನು ಪಾಷಂಡಿಗಳೆಂದು ಖಂಡಿಸಿದರು. ಹಾಗೆ ಹೇಳುವವರು ಇದ್ದರೆಂದೇ ತಾನೇ ಖಂಡಿಸಿದ್ದು? ಆ ಕಾಲದ ಯೆಹೂದ್ಯ ಏಕತ್ವ ಮೈಮೊನಿಡೀಸನ ಏಕತ್ವದಷ್ಟು ಬಿಗಿಯಾಗಿರಲಿಲ್ಲ. ಆದರೆ ಫಿಲೋ ವಾಕ್ಯಕ್ಕೆ ಗುಡಿ ಕಟ್ಟಲಿಲ್ಲ, ಪ್ರಾರ್ಥಿಸಲಿಲ್ಲ, ಒಬ್ಬ ಬಡಗಿಯನ್ನು ತೋರಿಸಿ ಈತನೇ ಅದು ಎನ್ನಲಿಲ್ಲ.

ಹಳೆಯ ಪ್ರಮಾಣ

ಹಿರಾ ಅವರ ಪ್ರಶ್ನೆಗೆ ಉತ್ತರಿಸದೆ ಹೋಗಲಾರೆ.

ಹೌದು, ಬೇಡುವವನೊಬ್ಬ, ಬೇಡಿಸಿಕೊಳ್ಳುವವನೊಬ್ಬ. ಅಲ್ಲಿರುವ ಭೇದವನ್ನು ನಾವು ಅಲ್ಲಗಳೆಯುವುದಿಲ್ಲ. ಗುಣಗಳ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ ಎಂದು ನೀವು ಹೇಳಿದ್ದು ಸರಿ. ಗೆತ್ಸೆಮನೆಯಲ್ಲಿ ಬೇಡುವವನು ಮನುಷ್ಯಸ್ವಭಾವದಲ್ಲಿ, ಮನುಷ್ಯಚಿತ್ತದಿಂದ ಬೇಡುತ್ತಾನೆ ಎಂಬುದು ಸಭೆಯ ಬೋಧನೆ. ಹಾಗಾಗಿ ಆ ದೃಶ್ಯದಿಂದ ಎರಡು ದೈವಚಿತ್ತಗಳು ಸಿದ್ಧವಾಗುವುದಿಲ್ಲ. ಆದರೆ ಇದರ ಹಿಂದೆ ಅವಿತುಕೊಳ್ಳಲು ನನಗೆ ಇಷ್ಟವಿಲ್ಲ.

ನಾವು ವಾಕ್ಯಕ್ಕೆ ಪ್ರಾರ್ಥಿಸುತ್ತೇವೆ, ಏಕೆಂದರೆ ಆ ವಾಕ್ಯ ನಮ್ಮ ನಡುವೆ ಮನುಷ್ಯನಾಗಿ ವಾಸಿಸಿತು ಎಂದು ನಂಬುತ್ತೇವೆ. ಶಿಷ್ಯ ತೋಮನು ಎದ್ದು ಬಂದ ಯೇಸುವಿನ ಗಾಯದ ಗುರುತುಗಳ ಮುಂದೆ ನಿಂತು ‘ನನ್ನ ಕರ್ತನೇ, ನನ್ನ ದೇವರೇ’ ಎಂದ. ಯೇಸು ಅವನನ್ನು ತಡೆಯಲಿಲ್ಲ. ಆ ನಂಬಿಕೆ ಸುಳ್ಳಾಗಿದ್ದರೆ, ನಾವು ಇಷ್ಟು ಶತಮಾನ ಒಬ್ಬ ಮನುಷ್ಯನನ್ನು ಆರಾಧಿಸಿದ್ದೇವೆ, ಮತ್ತು ನಿಸೇಯದ ಸೂತ್ರವಾಗಲಿ ಗ್ರೆಗರಿಯ ತರ್ಕವಾಗಲಿ ನಮ್ಮನ್ನು ಶಿ‌ರ್ಕಿನಿಂದ ಪಾರುಮಾಡದು. ನಿಜವಾಗಿದ್ದರೆ, ಆತನನ್ನು ಆರಾಧಿಸದಿರುವುದೇ ಒಬ್ಬನೇ ದೇವರಿಗೆ ಸಲ್ಲಬೇಕಾದದ್ದನ್ನು ತಡೆಹಿಡಿದಂತೆ. ಹಾಗಾಗಿ ನಾವು ಏಕದೇವೋಪಾಸಕರೇ ಎಂಬುದನ್ನು ಮೂರು ಮತ್ತು ಒಂದರ ಲೆಕ್ಕದಿಂದ ತೀರ್ಮಾನಿಸಲು ಬರುವುದಿಲ್ಲ. ಯೇಸು ಯಾರು ಎಂಬುದು ತೀರ್ಮಾನವಾಗಬೇಕು, ಉಳಿದದ್ದು ಅದರ ಹಿಂದೆ ಬರುತ್ತದೆ.

ತರ್ಕಸರಣಿ

ಯೇಸು ಯಾರೆಂದು ತೀರ್ಮಾನವಾದ ಮೇಲೂ ಲೆಕ್ಕ ಹಾಗೆಯೇ ಉಳಿಯುತ್ತದೆ. ಅದನ್ನು ಅಷ್ಟು ಸುಲಭವಾಗಿ ಹಿಂದಕ್ಕೆ ತಳ್ಳಬಾರದು.

ಹಿರಾ

ತರ್ಕಸರಣಿ ಅವರ ಆಕ್ಷೇಪ ಇರಲಿ, ಅದು ನನ್ನದೂ ಹೌದು. ಆದರೆ ಹಳೆಯ ಪ್ರಮಾಣ ಅವರು ಷರತ್ತನ್ನು ಇಷ್ಟು ನೇರವಾಗಿ ಇಟ್ಟದ್ದಕ್ಕೆ ನನಗೆ ಗೌರವವಿದೆ. ತಮ್ಮ ನಂಬಿಕೆ ಸುಳ್ಳಾದರೆ ಅದು ಶಿರ್ಕ್ ಎಂದು ಬಾಯಿಬಿಟ್ಟು ಹೇಳುವವನೊಂದಿಗೆ ನನಗೆ ಮಾತನಾಡಲು ಬಹಳವಿದೆ. ಶಿರ್ಕ್ ಎಂದರೇನು ಎಂಬುದರಲ್ಲಿ ನಾವಿಬ್ಬರೂ ಒಂದೇ ಮಾತಿನವರು. ಹಾಗಾದರೆ ಸುವಾರ್ತೆಗಳನ್ನೇ ತೆರೆಯೋಣ. ನೀವು ಯೋಹಾನನಿಂದ ಶುರುಮಾಡಲು ಬಯಸುತ್ತೀರಿ ಎಂದು ಊಹಿಸಬಲ್ಲೆ. ನಾನು ಮಾರ್ಕನಿಂದ ಎನ್ನುತ್ತೇನೆ, 10ನೆಯ ಅಧ್ಯಾಯ, 18ನೆಯ ವಚನ: ‘ನನ್ನನ್ನು ಒಳ್ಳೆಯವನೆಂದು ಯಾಕೆ ಕರೆಯುತ್ತೀ? ದೇವರೊಬ್ಬನೇ ಹೊರತು ಮತ್ತಾರೂ ಒಳ್ಳೆಯವರಲ್ಲ.’ ಇದನ್ನು ನೀವು ಹೇಗೆ ಓದುತ್ತೀರಿ?

ಹಳೆಯ ಪ್ರಮಾಣ

ಒಪ್ಪಿದೆ, ಮಾರ್ಕನೇ ಆಗಲಿ. ಆದರೆ 10:18ಕ್ಕೆ ಹೋಗುವ ಮೊದಲು 2:7ನ್ನು ಓದಬೇಕು. ಪಾರ್ಶ್ವವಾಯು ರೋಗಿಗೆ ಯೇಸು ‘ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ’ ಎಂದಾಗ ಅಲ್ಲಿ ಕುಳಿತ ಶಾಸ್ತ್ರಿಗಳು ‘ದೇವರೊಬ್ಬನೇ ಹೊರತು ಮತ್ತಾರು ಪಾಪಗಳನ್ನು ಕ್ಷಮಿಸಬಲ್ಲರು?’ ಎಂದುಕೊಂಡರು. ನೀವು ತೋರಿಸಿದ ವಚನದಲ್ಲೂ ಇಲ್ಲೂ ‘ದೇವರೊಬ್ಬನೇ ಹೊರತು’ ಎಂಬ ಮಾತು ಅದೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಾಳೆ ವಿವರವಾಗಿ ಬರೆಯುತ್ತೇನೆ.